ಅರ್ಧ ದಿನದ ವೈನು, ಪೂರ್ತಿ ದಿನದ ಘಾಟಿ

ಬೆಂಗಳೂರಿನಿಂದ ‘ಅರ್ಧ ದಿನದಲ್ಲಿ ಹೋಗಿ ಬರಬಹುದಾದ ಜಾಗಗಳು’ ಅಂತ ಪಟ್ಟಿ ಮಾಡುವವರು ಯಾರೋ ಗೊತ್ತಿಲ್ಲ, ಅವರ ಮನೆ ಮಾತ್ರ ಯಲಹಂಕದಲ್ಲೇ ಇರಬೇಕು. ವಿಜಯನಗರದಲ್ಲಿರುವ ನಮ್ಮಂಥವರಿಗೆ ಗೊರಗುಂಟೆಪಾಳ್ಯದ ಸಿಗ್ನಲ್ ದಾಟುವಷ್ಟರಲ್ಲೇ ಅರ್ಧ ದಿನದ ಅರ್ಧ ಖರ್ಚಾಗಿರುತ್ತದೆ. ಉಳಿದ ಅರ್ಧದಲ್ಲಿ ಹೋಗಬೇಕು, ನೋಡಬೇಕು, ತಿನ್ನಬೇಕು, ಫೋಟೊ ತೆಗೆಸಿಕೊಳ್ಳಬೇಕು, ವಾಪಸ್ಸೂ ಬರಬೇಕು.

ವೈನ್ ಟೇಸ್ಟಿಂಗಿಗೆ ಹೋಗೋಣ ಅನ್ನುವ ಯೋಚನೆ ನಮ್ಮ ನಾದಿನಿ ಸುಧಾಳದ್ದು. ಅವಳೂ ಅವಳ ಗಂಡ ರಘುವೂ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಡಿಸೆಂಬರಿನಲ್ಲಿ ಊರಿಗೆ ಬರುವವರಿಗೆಲ್ಲ ಒಂದೇ ಥರದ ಕೆಲಸಗಳಿರುತ್ತವೆ. ಒಂದು ಮದುವೆ, ಒಬ್ಬ ಹಲ್ಲಿನ ಡಾಕ್ಟರು, ನಾಲ್ಕಾರು ಸೀರೆ ಅಂಗಡಿ, ಬ್ಯಾಂಕಿನಲ್ಲಿ ಕೆವೈಸಿ. ಇದೆಲ್ಲ ಮುಗಿಸಿ ಸುಸ್ತಾದ ಸುಧಾ, “ಅತ್ತಿಗೆ, ಒಂದಿನ ಸುಮ್ನೆ ರಿಲ್ಯಾಕ್ಸ್ ಆಗಿ ಏನಾದ್ರೂ ಮಾಡೋಣ. ಅರ್ಧ ದಿನ ಸಾಕು” ಅಂದಳು. ಅವರು ಅಲ್ಲಿ ನಾಪಾ ವ್ಯಾಲಿಗೆ ಹೋಗುತ್ತಾರಂತೆ. ಬೆಳಿಗ್ಗೆ ಹೊರಟು, ದ್ರಾಕ್ಷಿ ತೋಟದ ಪಕ್ಕ ಕೂತು, ನಾಲ್ಕು ಗುಟುಕು ಕುಡಿದು, ಚೀಸ್ ತಿಂದು, ಮಧ್ಯಾಹ್ನಕ್ಕೆ ಮನೆ. ಹೇಳುವಾಗ ಅವಳ ಮುಖ ನೋಡಿದರೆ ಯಾರಿಗಾದರೂ ಆಸೆ ಆಗಬೇಕು. ನನಗೂ ಆಯಿತು.

ನಮ್ಮಲ್ಲೇನು ಕಡಿಮೆ? ನಂದಿಬೆಟ್ಟದ ಸುತ್ತಮುತ್ತ ದ್ರಾಕ್ಷಿ ಹೊಸದಲ್ಲ. ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಜಿಐ, ಅಂದರೆ ‘ಇದು ಈ ಊರಿನದೇ ಬೆಳೆ’ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆಯೇ ಸಿಕ್ಕಿದೆ. ತಳ್ಳುಗಾಡಿಯಲ್ಲಿ ಸಿಗುತ್ತದಲ್ಲ, ಬೀಜ ಇರುವ, ಸಿಪ್ಪೆ ಬಿಟ್ಟುಕೊಳ್ಳುವ, ತಿಂದರೆ ನಾಲಗೆ ನೇರಳೆಯಾಗುವ ಹಣ್ಣು, ಅದೇ. ಅದರಲ್ಲಿ ಸಿಹಿ ವೈನು, ಜ್ಯೂಸು, ಜಾಮು ಮಾಡುತ್ತಾರೆ. ಫ್ರೆಂಚ್ ತಳಿಗಳ ಕಥೆ ಬೇರೆ. 1988ರಲ್ಲಿ ಶುರುವಾದ ಗ್ರೋವರ್ ವೈನ್‌ಯಾರ್ಡ್ಸ್‌ನವರು ಅವನ್ನು ನಂದಿಬೆಟ್ಟದ ಬುಡದಲ್ಲಿ ಬೆಳೆದು ತೋರಿಸಿದರು. 2007ರಲ್ಲಿ ಸರ್ಕಾರ ವೈನ್ ನೀತಿ ತಂದಿತು. ಈಗ ಆ ಕಡೆಗೂ ಇದೆ, ಮೈಸೂರು ರಸ್ತೆಯ ಚನ್ನಪಟ್ಟಣದ ಕಡೆಗೂ ವೈನರಿ ಇದೆ. ಇಷ್ಟೆಲ್ಲ ಓದಿ ಹೇಳಿದ ಮೇಲೆ, ಪ್ಲಾನ್ ಮಾಡುವ ಜವಾಬ್ದಾರಿ ನನ್ನ ತಲೆಗೇ ಬಂತು. ನಮ್ಮನೆಯಲ್ಲಿ ಗೊತ್ತಿದ್ದವರಿಗೇ ಕೆಲಸ ಹಚ್ಚುವ ಪದ್ಧತಿ.

ಮೊದಲು ದಿನ ಗೊತ್ತಾಗಬೇಕಿತ್ತು. ನಮ್ಮವರ ಇಬ್ಬರು ಗೆಳೆಯರೂ ಹೆಂಡತಿಯರ ಜೊತೆ ಬರುವುದು ಅಂತಾಗಿತ್ತು. ವಾಟ್ಸ್ಯಾಪ್ ಗುಂಪು ಮಾಡಿ, ಯಾವ ದಿನ ಅಂತ ಕೇಳಿದೆ. ಆಗ ಗೊತ್ತಾಯಿತು ನೋಡಿ, ನಮ್ಮ ಜನ ಕುಡಿಯುವುದಕ್ಕಿಂತ ಕುಡಿಯದಿರುವುದನ್ನು ಎಷ್ಟು ಶಿಸ್ತಾಗಿ ಮಾಡುತ್ತಾರೆ ಅಂತ. ಒಬ್ಬರು ಸೋಮವಾರ ಮುಟ್ಟಲ್ಲ, ಮನೆದೇವರು ಮಂಜುನಾಥ. ಇನ್ನೊಬ್ಬರದು ಗುರುವಾರ ರಾಯರ ವಾರ. ಶುಕ್ರವಾರ ಅವರ ಹೆಂಡತಿ ಬಿಡಲ್ಲ. ಶನಿವಾರ ಆಂಜನೇಯ. ಮಂಗಳವಾರ ಬುಧವಾರ ದೇವರ ಅಡ್ಡಿಯಿಲ್ಲ, ಆಫೀಸಿನ ಅಡ್ಡಿ. ಭಾನುವಾರ ಎಲ್ಲರಿಗೂ ಆಗುತ್ತದೆ. ಆದರೆ ಭಾನುವಾರ ನಂದಿಬೆಟ್ಟದ ಕಡೆ ಹೋಗುವುದು ಅಂದರೆ, ಸೂರ್ಯೋದಯ ನೋಡಲು ಹೋದ ಅರ್ಧ ಬೆಂಗಳೂರು ಇಳಿಯುವ ಹೊತ್ತಿಗೆ ನಾವು ಎದುರು ಸಿಕ್ಕಿಹಾಕಿಕೊಳ್ಳುವುದು ಅಂತ ಅರ್ಥ. ಕೊನೆಗೆ ಶನಿವಾರ ಅಂತಾಯಿತು. ಗೆಳೆಯರ ಎರಡೂ ಜೋಡಿ ಗುಂಪಿನಲ್ಲಿ ಕೈ ಮುಗಿಯುವ ಚಿತ್ರ ಹಾಕಿ ಹಿಂದೆ ಸರಿದವು.

ಆಮೇಲೆ ಡ್ರೈವರು. ನಮ್ಮಲ್ಲಿ ಯಾರಾದರೊಬ್ಬರು ಕುಡಿಯದೇ ಇರಬೇಕು. ಕಾನೂನು ಸ್ಪಷ್ಟವಾಗಿದೆ: ನೂರು ಮಿಲಿಲೀಟರ್ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನಮ್ಮವರು, “ಟೇಸ್ಟಿಂಗಲ್ಲಿ ಉಗೀಬಹುದಂತೆ. ನಾನು ಉಗಿದು ಉಗಿದು ಓಡಿಸ್ತೀನಿ” ಅಂದರು. ದುಡ್ಡು ಕೊಟ್ಟು ಹೋಗಿ ಉಗಿದು ಬರುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ನಮ್ಮ ಕಾರನ್ನೇ ಗಂಟೆ ಲೆಕ್ಕದಲ್ಲಿ ಓಡಿಸಿಕೊಡುವ ಆಕ್ಟಿಂಗ್ ಡ್ರೈವರ್ ಕರೆಸೋಣ ಅಂತಾಯಿತು. ಬುಕ್ ಮಾಡುವಾಗ ನಾಲ್ಕು ಗಂಟೆ ಅಂತ ಒತ್ತಿದೆ. ರಿಲ್ಯಾಕ್ಸ್ ಅಲ್ವಾ.

ಇನ್ನು ಅತ್ತೆ. ಅವರಿಗೆ ನಾವು ಹೇಳಿದ್ದು, “ದೊಡ್ಡಬಳ್ಳಾಪುರದ ಹತ್ರ ಒಂದು ದ್ರಾಕ್ಷಿ ತೋಟ ನೋಡ್ಕೊಂಡು ಬರ್ತೀವಿ” ಅಂತ. ಸುಳ್ಳೇನಲ್ಲ. ದ್ರಾಕ್ಷಿ ಆಮೇಲೆ ಏನಾಗುತ್ತದೆ ಅಂತ ಹೇಳಲಿಲ್ಲ, ಅಷ್ಟೇ. ಅತ್ತೆ ಹೂವು ಕಟ್ಟುತ್ತಾ, “ದೊಡ್ಡಬಳ್ಳಾಪುರವಾ? ಹಾಗಾದ್ರೆ ಘಾಟಿ ಸುಬ್ರಹ್ಮಣ್ಯ ಅಲ್ಲೇ ಅಲ್ವೇನೇ? ಅಳಿಯಂದ್ರು ಬಂದಿದಾರೆ, ಸುಬ್ಬಪ್ಪನ ದರ್ಶನ ಆಗ್ಲಿ” ಅಂದರು. ಅಳಿಯಂದಿರ ಹೆಸರು ಬಂದ ಮೇಲೆ ನಮ್ಮನೆಯಲ್ಲಿ ಚರ್ಚೆ ಇರುವುದಿಲ್ಲ. ಅಳಿಯಂದಿರಿಗೂ ಅತ್ತೆ ಎದುರು ಬೇಡ ಅನ್ನಲು ಬಾಯಿ ಇರುವುದಿಲ್ಲ.

ಘಾಟಿ ಸೇರಿದ ತಕ್ಷಣ ಪ್ಲಾನ್ ತಲೆಕೆಳಗಾಯಿತು. ವೈನು ಕುಡಿದು ದೇವಸ್ಥಾನಕ್ಕೆ ಹೋಗುವಂತಿಲ್ಲ. ಹಾಗಾಗಿ ಘಾಟಿ ಮೊದಲು. ವೈನರಿ ದೊಡ್ಡಬಳ್ಳಾಪುರದ ಹತ್ತಿರ, ಘಾಟಿ ಅಲ್ಲಿಂದಲೂ ಮುಂದೆ. ಅಂದರೆ ವೈನರಿಯ ಬಾಗಿಲ ಮುಂದೆಯೇ ಹಾದುಹೋಗಿ, ದೇವರನ್ನು ನೋಡಿ, ವಾಪಸ್ ಬರಬೇಕು. ಶನಿವಾರ ಒಂಬತ್ತರಿಂದ ಹತ್ತೂವರೆವರೆಗೆ ರಾಹುಕಾಲ. ಅಷ್ಟರೊಳಗೆ ಮನೆ ಬಿಡಬೇಕು. ನಮ್ಮ ಟೇಸ್ಟಿಂಗ್ ಹನ್ನೊಂದೂವರೆಗೆ. ಕಾಗದದ ಮೇಲೆ ಎಲ್ಲವೂ ಕೂಡಿಬಂತು. ಕಾಗದದ ಮೇಲೆ ಗೊರಗುಂಟೆಪಾಳ್ಯ ಇರಲಿಲ್ಲ.

ಶನಿವಾರ ಬೆಳಿಗ್ಗೆ ಬೆಲ್ ಆಯಿತು. ಬಾಗಿಲು ತೆಗೆದರೆ ಕಪ್ಪು ಪಂಚೆ, ಕಪ್ಪು ಅಂಗಿ, ಬರಿಗಾಲು, ಹಣೆ ತುಂಬ ವಿಭೂತಿ, ಕೊರಳಲ್ಲಿ ತುಳಸಿ ಮಾಲೆ. ಅಯ್ಯಪ್ಪನ ಮಾಲೆ ಹಾಕಿದ ಒಬ್ಬ ಸ್ವಾಮಿ ನಿಂತಿದ್ದಾರೆ. ಚಂದಾ ಇರಬೇಕು ಅಂತ ನಾನು ಪರ್ಸಿಗೆ ಕೈ ಹಾಕಿದೆ. “ಮೇಡಂ, ಆಕ್ಟಿಂಗ್ ಡ್ರೈವರು” ಅಂದರು ಅವರು.

ನಮ್ಮವರೂ ರಘುವೂ ಮುಖ ಮುಖ ನೋಡಿಕೊಂಡರು. ಕುಡಿಯದ ಡ್ರೈವರ್ ಬೇಕು ಅಂತ ನಾವು ಕೇಳಿದ್ದು ನಿಜ, ಇಷ್ಟು ಜಾಸ್ತಿ ಕೇಳಿರಲಿಲ್ಲ. ಅತ್ತೆಗೆ ಮಾತ್ರ ಖುಷಿಯೋ ಖುಷಿ. “ಸ್ವಾಮಿಗಳೇ ಬಂದಿದಾರೆ, ಒಳ್ಳೇ ಶಕುನ” ಅಂತ ಅವರಿಗೆ ಒಂದು ಲೋಟ ಹಾಲು ಕೊಟ್ಟು, ಪುಳಿಯೋಗರೆ ಡಬ್ಬಿ ಹಿಡಿದು ಹೊರಟೇಬಿಟ್ಟರು. ಆ ಡಬ್ಬಿಯ ಬಗ್ಗೆಯೂ ಹೇಳಬೇಕು. ಟೇಸ್ಟಿಂಗಿಗೆ ಹೋಗುವ ಮುಂಚೆ ಸೆಂಟು ಹಾಕಬೇಡಿ, ಮಸಾಲೆ ತಿನ್ನಬೇಡಿ, ಮೂಗು ನಾಲಗೆ ಕೆಡುತ್ತದೆ ಅಂತ ಸುಧಾ ಹಿಂದಿನ ರಾತ್ರಿಯೇ ಎಲ್ಲರಿಗೂ ಪಾಠ ಮಾಡಿದ್ದಳು. ಈಗ ಕಾರಿನೊಳಗೆ ಮುಂದಿನ ಸೀಟಿಂದ ಕರ್ಪೂರ, ನಡುವಿನ ಸೀಟಿಂದ ಮಲ್ಲಿಗೆ, ಹಿಂದಿನಿಂದ ಇಂಗು ಹಾಕಿದ ಪುಳಿಯೋಗರೆ. ಸುಧಾ ಕಿಟಕಿ ಇಳಿಸಿ ಮೂಗನ್ನು ಆಚೆ ಇಟ್ಟುಕೊಂಡು ಕೂತಳು.

ಯಲಹಂಕ, ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರದವರೆಗೆ ಪರವಾಗಿಲ್ಲ ಅನ್ನುವಂತೆ ಬಂದೆವು. ಅಲ್ಲಿಂದ ಮುಂದೆ ದಾರಿ ನಿಂತುಬಿಟ್ಟಿತ್ತು. ಘಾಟಿ ದನಗಳ ಜಾತ್ರೆ! ಡಿಸೆಂಬರ್ ಕೊನೆಗೆ ಅಲ್ಲಿ ಹಳ್ಳಿಕಾರ್ ಎತ್ತುಗಳ ದೊಡ್ಡ ಸಂತೆ ಸೇರುತ್ತದೆ ಅನ್ನುವುದು ಮೈಸೂರು ಸೀಮೆಯ ರೈತರಿಗೆಲ್ಲ ಗೊತ್ತು. ವಿಜಯನಗರದ ವೈನ್ ಪ್ರಿಯರಿಗೆ ಗೊತ್ತಿರಲಿಲ್ಲ. ನಮ್ಮ ಮುಂದೆ ಒಂದು ಜೋಡಿ ಹೋಗುತ್ತಿತ್ತು. ಬೂದು ಬಿಳಿ ಮೈ, ಹಿಂದಕ್ಕೆ ಬಾಗಿದ ಉದ್ದ ಕೊಂಬು, ಕೊಂಬಿಗೆ ಹಿತ್ತಾಳೆ ಅಣಸು, ಮೈಮೇಲೆ ಕನ್ನಡಿ ಹೊಲಿದ ಬಟ್ಟೆ, ಮುಂದೆ ತಮಟೆಯವರು. ಸ್ವಾಮಿ ಒಂದು ಸಲ ಮೆಲ್ಲಗೆ ಹಾರನ್ ಮಾಡಿದರು. ಬಲಗಡೆಯ ಎತ್ತು ತಿರುಗಿ ನೋಡಿತು. ಆಮೇಲೆ ಸ್ವಾಮಿ ಹಾರನ್ ಮಾಡಲಿಲ್ಲ.

ರಘು ಫೋನಿನಲ್ಲಿ ಗಂಟೆ ನೋಡುವುದು, ಸುಧಾ ವೈನರಿಗೆ ಫೋನ್ ಮಾಡುವುದು ನಡೆದಿತ್ತು. ಪಾಪ, ಅವರು ಒಳ್ಳೆಯವರು, “ಮಧ್ಯಾಹ್ನದ ಬ್ಯಾಚಿಗೆ ಬನ್ನಿ ಮೇಡಂ” ಅಂದರು. ತಡ ಯಾಕೆ ಅಂತ ಕೇಳಿದ್ದಕ್ಕೆ ಸುಧಾ ಇಂಗ್ಲಿಷಿನಲ್ಲಿ, ಎತ್ತುಗಳು ಅಂದಳು. ಎಷ್ಟು ಅಂತ ಅವರು ಕೇಳಿರಬೇಕು. “ಆಲ್ ಆಫ್ ದೆಮ್” ಅಂದಳು.

ಘಾಟಿಯಲ್ಲಿ ದರ್ಶನ ಚೆನ್ನಾಗಿ ಆಯಿತು. ಅಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದುಗಡೆ ನರಸಿಂಹ. ಹಿಂದಿನ ನರಸಿಂಹನನ್ನು ಕನ್ನಡಿಯಲ್ಲಿ ನೋಡಬೇಕು. ನೂಕುನುಗ್ಗಲಿನಲ್ಲಿ ರಘುವಿಗೆ ಕನ್ನಡಿಯಲ್ಲಿ ಕಂಡದ್ದು ಹಿಂದೆ ನಿಂತಿದ್ದ ಯಾರದೋ ತಲೆ. ಇನ್ನೊಂದು ಸಲ ಸಾಲಿನಲ್ಲಿ ನಿಲ್ಲಿ ಅಳಿಯಂದಿರೇ ಅಂದರು ಅತ್ತೆ. ನಿಂತರು. ನಾಪಾದಲ್ಲಿ ಇಂಥದ್ದೆಲ್ಲ ಇಲ್ಲ.

ಆಚೆ ಬಂದು ಮರದ ಕೆಳಗೆ ಡಬ್ಬಿ ಬಿಚ್ಚಿದೆವು. ಸುಧಾ ಮಾತ್ರ ಪುಳಿಯೋಗರೆ ಮುಟ್ಟದೆ, ನಾಲಗೆ ಸ್ವಚ್ಛವಾಗಿರಲಿ ಅಂತ ತಂದಿದ್ದ ಉಪ್ಪಿಲ್ಲದ ಕ್ರ್ಯಾಕರ್ ಬಿಸ್ಕತ್ತಿನ ಪೊಟ್ಟಣ ತೆಗೆದಳು. ತೆಗೆದದ್ದಷ್ಟೇ ಅವಳು. ಮಿಕ್ಕಿದ್ದು ಕೋತಿಯದು. ಮೇಲಿನಿಂದ ಇಳಿದು, ಪೊಟ್ಟಣ ಕಿತ್ತುಕೊಂಡು, ಕಾಂಪೌಂಡಿನ ಮೇಲೆ ಕೂತು ಒಂದು ಬಿಸ್ಕತ್ತು ಕಚ್ಚಿತು. ಮುಖ ಕಿವುಚಿತು. ಪೊಟ್ಟಣ ಕೆಳಗೆ ಎಸೆದು ನಮ್ಮ ಪುಳಿಯೋಗರೆ ಕಡೆ ನೋಡತೊಡಗಿತು. ಸುಧಾ ಅಳುಮುಖದಲ್ಲಿ ಒಂದು ಹಿಡಿ ಪುಳಿಯೋಗರೆ ತಿಂದಳು. ಆಮೇಲೆ ಇನ್ನೊಂದು ಹಿಡಿ. ಆಮೇಲೆ ಡಬ್ಬಿಯನ್ನೇ ಅವಳ ಕಡೆ ತಳ್ಳಿದೆವು.

ವೈನರಿ ಮುಟ್ಟಿದಾಗ ಎರಡು ಗಂಟೆ ದಾಟಿತ್ತು. ಸ್ವಾಮಿ ಗೇಟಿನ ಆಚೆಯೇ ಹೊಂಗೆ ಮರದ ನೆರಳಲ್ಲಿ ಕಾರು ಹಾಕಿ, “ನಾನು ಇಲ್ಲೇ ಇರ್ತೀನಿ ಸಾರ್” ಅಂದರು. ಅತ್ತೆಯನ್ನು ಏನು ಮಾಡುವುದು ಅಂತ ನಾನು ಲೆಕ್ಕ ಹಾಕುತ್ತಿದ್ದೆ. ಅವರನ್ನೂ ಮರದ ಕೆಳಗೆ ಕೂರಿಸುವುದಾ? ಅಷ್ಟರಲ್ಲಿ ಅವರೇ ಸೆರಗು ಸರಿಮಾಡಿಕೊಂಡು ಇಳಿದು, “ಇಲ್ಲಿ ವೈನು ಮಾಡ್ತಾರೆ ಅಲ್ವಾ? ಬೋರ್ಡಲ್ಲೇ ಬರ್ದಿದಾರಲ್ಲೇ. ನಮ್ಮ ಚಿಕ್ಕಪ್ಪನ ತೋಟದ ಹಣ್ಣೂ ವೈನು ಮಾಡೋರಿಗೇ ಹೋಗ್ತಿತ್ತು” ಅಂದರು. ನಮ್ಮತ್ತೆಯ ತವರು ವಿಜಯಪುರ. ಗೋಳಗುಮ್ಮಟದ್ದಲ್ಲ, ದೇವನಹಳ್ಳಿ ಪಕ್ಕದ್ದು. ವಾರದಿಂದ ನಾವು ನಾಲ್ಕು ಜನ ಸೇರಿ ಅವರ ಮುಂದೆ ‘ದ್ರಾಕ್ಷಿ ತೋಟ, ದ್ರಾಕ್ಷಿ ತೋಟ’ ಅಂತ ನಾಟಕ ಆಡಿದ್ದೆಲ್ಲ ದಂಡ.

ತೋಟ ತೋರಿಸಲು ಬಂದ ಹುಡುಗ ಇಂಗ್ಲಿಷಿನಲ್ಲಿ ಶುರು ಮಾಡಿದ. ಅತ್ತೆ ನಡುವೆಯೇ, “ಯಾವೂರಪ್ಪಾ ನಿಂದು?” ಅಂದರು. “ಗೌರಿಬಿದನೂರು, ಅಜ್ಜಿ.” ಅಲ್ಲಿಗೆ ಇಂಗ್ಲಿಷು ಮುಗಿಯಿತು. ಮುಂದೆ ನಡೆದದ್ದು ಅವರಿಬ್ಬರದೇ ಮಾತುಕತೆ, ನಾವು ಹಿಂದೆ ಹಿಂದೆ. ಬಳ್ಳಿಯಲ್ಲಿ ಗೊಂಚಲುಗಳು ಇನ್ನೂ ಹಸಿರು, ಕಾಳು ಸಣ್ಣ. ಕ್ಯಾಲಿಫೋರ್ನಿಯಾದಲ್ಲಿ ಈ ಹೊತ್ತಿಗೆ ಕೊಯ್ಲು ಮುಗಿದು ಬಳ್ಳಿಗಳೆಲ್ಲ ಎಲೆ ಉದುರಿಸಿ ಮಲಗಿರುತ್ತವೆ, ಇಲ್ಲೇನು ಹೀಗೆ ಅಂತ ರಘು ಕೇಳಿದರು. ಹುಡುಗ ಬಾಯಿ ತೆರೆಯುವ ಮುಂಚೆ ಅತ್ತೆ ಹೇಳಿದರು, “ನಮ್ಮಲ್ಲಿ ಅಂಥ ಚಳಿ ಎಲ್ಲಿದೆ ಮಲಗಕ್ಕೆ? ಬೇಸಿಗೇಲಿ ಒಂದ್ಸಲ ಸವರ್ತಾರೆ, ಮಳೆಗಾಲ ಕಳೆದ ಮೇಲೆ ಇನ್ನೊಂದ್ಸಲ. ಎರಡು ಸಲ ಸವರಿದ್ರೂ ಫಸಲು ಒಂದೇ.” ಹುಡುಗ ತಲೆಯಾಡಿಸಿದ. ಫೆಬ್ರವರಿ, ಮಾರ್ಚಿಗೆ ಬಂದರೆ ಕೊಯ್ಲು ನೋಡಬಹುದು, ದ್ರಾಕ್ಷಿ ತುಳಿಯಲೂಬಹುದು ಅಂದ. “ಕಾಲು ತೊಳ್ಕೊಂಡಿರ್ತಾರಾ?” ಅಂದರು ಅತ್ತೆ. ತುಳಿದದ್ದರಲ್ಲಿ ವೈನು ಮಾಡಲ್ಲ ಅಜ್ಜಿ, ಬರೀ ಮೋಜಿಗೆ, ಅಂತ ಅವನು ಸಮಾಧಾನ ಹೇಳಿದ. ಅತ್ತೆಗೆ ಅದು ಇನ್ನೂ ಬೇಜಾರಾಯಿತು. ಹಣ್ಣು ಹಾಳಲ್ವೇನಪ್ಪಾ?

ಪೀಪಾಯಿಗಳ ಕೋಣೆ ತಣ್ಣಗಿತ್ತು. ಒಂದೊಂದು ಪೀಪಾಯಿಯಲ್ಲಿ 225 ಲೀಟರ್, ಫ್ರಾನ್ಸಿನ ಓಕ್ ಮರದ್ದು. ಹಲಸಿನ ಮರದಲ್ಲಿ ಯಾಕೆ ಮಾಡಲ್ಲ, ವೀಣೆಗೆ ಆಗುತ್ತದಲ್ಲ ಅಂತ ಅತ್ತೆ ಕೇಳಿದರು. ಹುಡುಗನಿಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ ಅಂತ ಕಾಣುತ್ತದೆ. ನೋಟ್ ಮಾಡಿಕೊಂಡ.

ಕೊನೆಗೂ ಟೇಬಲ್ಲಿಗೆ ಬಂದೆವು. ಬಿಳಿ ವೈನು ಮೊದಲು, ಕೆಂಪು ಆಮೇಲೆ. ಹಗುರದಿಂದ ಗಟ್ಟಿಗೆ ಹೋಗಬೇಕಂತೆ. ಲೋಟದ ಕಾಲು ಹಿಡಿಯಬೇಕು, ಹೊಟ್ಟೆ ಹಿಡಿದರೆ ಕೈಬಿಸಿಗೆ ವೈನು ಬೆಚ್ಚಗಾಗುತ್ತದೆ. ತಿರುಗಿಸಬೇಕು, ಮೂಸಬೇಕು, ಆಮೇಲೆ ಗುಟುಕು. ನಡುವೆ ಒಂದು ಸ್ಟೀಲ್ ಬಕೆಟ್. ಅದು ಯಾಕೆ ಅಂತ ಅತ್ತೆ ಕೇಳಿದರು. ಹುಡುಗ ಹೇಳಿದ. ಅತ್ತೆ ತಮ್ಮ ಕುರ್ಚಿಯನ್ನು ಒಂದು ಮಾರು ಹಿಂದಕ್ಕೆ ಎಳೆದುಕೊಂಡರು. “ಎಲ್ಲರ ಎಂಜಲೂ ಒಂದೇ ಬಕೆಟ್ಟಿಗಾ?” ಅದರ ಮೇಲೆ ಉಗಿಯುವ ಧೈರ್ಯ ಯಾರಿಗೂ ಬರಲಿಲ್ಲ. ನಮ್ಮವರು ಬಾಯಲ್ಲಿಟ್ಟುಕೊಂಡಿದ್ದನ್ನು ಗಟ್ಟಿ ಮನಸ್ಸು ಮಾಡಿ ನುಂಗಿದರು.

ಸೊವಿನ್ಯೋಂ ಬ್ಲಾಂಕ್ ಬಂತು. ಏನು ವಾಸನೆ ಬರುತ್ತಿದೆ ಹೇಳಿ ಅಂದ ಹುಡುಗ. ರಘು ಕಣ್ಣು ಮುಚ್ಚಿ, ಸಿಟ್ರಸ್ ಅಂದರು. ಸುಧಾ ಮೂಸಿ ಮೂಸಿ, “ನಂಗೆ ಪುಳಿಯೋಗರೆ ಬಿಟ್ಟು ಏನೂ ಬರ್ತಿಲ್ಲ” ಅಂದಳು. ನನಗೆ ವೈನಿನ ವಾಸನೆ ಬರುತ್ತಿತ್ತು. ಅದನ್ನು ಹೇಳುವ ಹಾಗಿರಲಿಲ್ಲ. ಅತ್ತೆ ಹಿಂದಿನಿಂದ ಕೈ ಚಾಚಿ ನನ್ನ ಲೋಟ ತೆಗೆದುಕೊಂಡು, ಮೂಗಿನಿಂದ ನಾಲ್ಕು ಬೆರಳು ದೂರ ಹಿಡಿದು, ಒಂದೇ ಸಲ ಎಳೆದರು. “ದೊಣ್ಣೆಮೆಣಸಿನಕಾಯಿ. ಹಸೀದು, ಆಗ್ ತಾನೇ ಹೆಚ್ಚಿದ್ದು. ಹಿಂದುಗಡೆ ಸೀಬೆಕಾಯಿ.”

ಹುಡುಗ ನೆಟ್ಟಗೆ ಕೂತ. ಅವನ ಕೈಯಲ್ಲಿದ್ದ ಕಾರ್ಡಿನಲ್ಲಿ ಅದೇ ಇತ್ತು.

ಇದರಲ್ಲಿ ಆಶ್ಚರ್ಯ ಏನೂ ಇಲ್ಲ ಅಂತ ನನಗೆ ಆಮೇಲೆ ಅನ್ನಿಸಿತು. ನೈವೇದ್ಯಕ್ಕೆ ಮಾಡಿದ ಅಡುಗೆಯನ್ನು ಮೊದಲೇ ರುಚಿ ನೋಡುವ ಹಾಗಿಲ್ಲ. ಹಬ್ಬದ ದಿನ ಮನೆ ತುಂಬ ಜನಕ್ಕೆ ಹುಳಿ ಮಾಡುವಾಗ ಅತ್ತೆ ಒಂದು ಹನಿಯನ್ನೂ ನಾಲಗೆಗೆ ಸೋಕಿಸುವುದಿಲ್ಲ. ಕುದಿಯುವ ಪಾತ್ರೆಯ ಮೇಲೆ ಬಗ್ಗಿ, ಆವಿ ಎಳೆದುಕೊಂಡು, ‘ಇನ್ನೊಂದು ಚಿಟಿಕೆ ಉಪ್ಪು ಬೇಕು’ ಅನ್ನುತ್ತಾರೆ. ಬೇಕಾಗಿರುತ್ತದೆ. ಅರವತ್ತು ವರ್ಷ ಹೀಗೆ ಪಳಗಿದ ಮೂಗು ಅದು. ನಾಪಾದಲ್ಲಿ ದುಡ್ಡು ಕೊಟ್ಟು ಕಲಿತದ್ದರ ಮುಂದೆ ಸೋಲುತ್ತದಾ?

ಶಿರಾಜ್ ಬಂದಾಗ ಹುಡುಗ ಲೋಟವನ್ನು ನೇರ ಅತ್ತೆಗೇ ಕೊಟ್ಟ. “ಮೆಣಸು. ಒಳ್ಳೇ ಕರಿಮೆಣಸು” ಅಂದರು. ಕ್ಯಾಬರ್ನೆ ಬಂದಾಗ, “ಇದು ಒಗರಿರತ್ತೆ ಅಲ್ವಾ?” ಅಂತ ಕುಡಿಯದೇ ಕೇಳಿದರು. ಸಿಪ್ಪೆ, ಬೀಜದ ಜೊತೆ ಇಟ್ಟಿದ್ದಕ್ಕೆ ಆ ಒಗರು, ಬಣ್ಣವೂ ಸಿಪ್ಪೆಯದ್ದೇ ಅಂತ ಅವನು ವಿವರಿಸಿದ. ಪಕ್ಕದ ಟೇಬಲ್ಲಿನ ಐಟಿ ಹುಡುಗರು ತಮ್ಮ ಲೋಟಗಳನ್ನು ಹಿಡಿದುಕೊಂಡು ಬಂದು, “ಆಂಟೀ, ಇದೊಂದು ಹೇಳಿ” ಅಂದರು. ಅತ್ತೆ ಸಂಕೋಚ ಇಲ್ಲದೆ ಹೇಳಿದರು. ಒಬ್ಬನ ಲೋಟ ಮೂಸಿ ಮಾತ್ರ, “ನೀನು ಸಿಗರೇಟು ಸೇದ್ತೀಯಾ, ಬಿಡಪ್ಪ” ಅಂದರು. ಅವನು ಲೋಟ ಬಿಟ್ಟು ಹೋದ.

ಅಲ್ಲಿಂದ ಏಳುವಾಗ ನಾಲ್ಕೂವರೆ. ಮೂರು ಬಾಟಲಿ ಕೊಂಡೆವು. ಎಲ್ಲವೂ ಅತ್ತೆ ಮೂಸಿ ಪಾಸು ಮಾಡಿದ್ದು. ಕಾರಿನ ಹತ್ತಿರ ಹೊಸ ಸಮಸ್ಯೆ. ಡಿಕ್ಕಿಯಲ್ಲಿ ಘಾಟಿಯ ಪ್ರಸಾದ ಇದೆ, ಅದರ ಪಕ್ಕ ಬಾಟಲಿ ಇಡುವಂತಿಲ್ಲ. ಸ್ವಾಮಿಯೂ ಡಿಕ್ಕಿ ತೆಗೆದು ದೂರ ನಿಂತು, “ಸಾರ್, ಅದನ್ನ ನನ್ನ ಕೈಲಿ ಮುಟ್ಟಿಸ್ಬೇಡಿ. ನೀವೇ ಇಟ್ಟು, ನೀವೇ ಬಾಗಿಲು ಹಾಕಿ” ಅಂದರು. ಪ್ರಸಾದ ಅತ್ತೆಯ ಮಡಿಲಿಗೆ ಬಂತು, ಬಾಟಲಿಗಳು ಸುಧಾಳ ಶಾಲಿನಲ್ಲಿ ಸುತ್ತಿಕೊಂಡು ಡಿಕ್ಕಿಗೆ ಹೋದವು. ಯಲಹಂಕದ ಹತ್ತಿರ ಪೊಲೀಸರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಊದುವ ಯಂತ್ರ ಹಿಡಿದು ಬಂದ ಪೊಲೀಸಪ್ಪ ಕಿಟಕಿಯೊಳಗೆ ಬಗ್ಗಿ ನೋಡಿ, ತಾನೇ “ಸ್ವಾಮಿ ಶರಣಂ” ಅಂತ ಹೇಳಿ ಬಿಟ್ಟುಬಿಟ್ಟರು. ಹಿಂದಿನ ಸೀಟಿನಲ್ಲಿ ನಾವು ನಾಲ್ವರೂ ಉಸಿರು ಬಿಗಿಹಿಡಿದು ಕೂತಿದ್ದು ಯಾಕೋ ಗೊತ್ತಿಲ್ಲ. ಕಾನೂನು ಕೇಳುವುದು ಓಡಿಸುವವರ ಉಸಿರನ್ನು ತಾನೇ?

ಮನೆ ಮುಟ್ಟಿದಾಗ ಏಳೂವರೆ. ನಾಲ್ಕು ಗಂಟೆಗೆ ಅಂತ ಕರೆಸಿದ್ದ ಡ್ರೈವರಿಗೆ ನಮ್ಮವರು ಹನ್ನೊಂದು ಗಂಟೆಯ ಲೆಕ್ಕ ಹಾಕಿ, ಮೇಲೆ ಊಟಕ್ಕೆ ಅಂತ ಸೇರಿಸಿ ಕೊಟ್ಟರು. ಅತ್ತೆ ಪ್ರಸಾದದಲ್ಲಿ ಅರ್ಧ ಕೊಟ್ಟರು. ಸ್ವಾಮಿ ದುಡ್ಡು ಎಣಿಸಿ ಜೇಬಿಗೆ ಹಾಕಿಕೊಂಡು, ಕೀ ಕೊಟ್ಟು, ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿದರು. ಅತ್ತೆ ಒಳಗೆ ಹೋದರಾ ಅಂತ ನೋಡಿ, ದನಿ ತಗ್ಗಿಸಿದರು.

“ಸಾರ್, ಅಲ್ಲಿ ತಲೆಗೆ ಎಷ್ಟು ತಗೋತಾರೆ?”

ನಮ್ಮವರು ಹೇಳಿದರು.

“ಸಂಕ್ರಾಂತಿ ಹೊತ್ತಿಗೆ ಶಬರಿಮಲೆಗೆ ಹೋಗ್ಬಂದು ಮಾಲೆ ತೆಗೀತೀವಿ. ಆಮೇಲೆ ನಾವೂ ಒಂದು ನಾಲ್ಕು ಜನ ಹೋಗೋಣ ಅಂತ” ಅಂದರು. “ಆವತ್ತು ಒಬ್ಬ ಆಕ್ಟಿಂಗ್ ಡ್ರೈವರ್ ಬೇಕಾಗುತ್ತೆ ಸಾರ್. ಯಾವ ಆ್ಯಪಲ್ಲಿ ಬುಕ್ ಮಾಡಿದ್ರಿ?”